ಬಿಳಿಯ ಹುಲಿ: ಕಾಡಿನದೋ, ಪಂಜರದ್ದೋ?

ವಾರದ ರಜೆಯಂದು ಅಹಮದಾಬಾದಿನ ಕಾಂಕರಿಯಾ ಮೃಗಾಲಯಕ್ಕೋ ವಡೋದರೆಯ ಸಯಾಜಿಬಾಗಿಗೋ ಸೂರತ್ತಿನ ಸರ್ಥಾಣಾ ಉದ್ಯಾನಕ್ಕೋ ಮಕ್ಕಳನ್ನು ಕರೆದೊಯ್ಯುವ ನಮ್ಮ ಬಂಧುಗಳ ನಡುವೆ ಬಿಳಿಹುಲಿಯ ಮಾತು ಬಾರದಿರುವುದು ವಿರಳ. ರಾಜಕೋಟೆಯ ಪ್ರದ್ಯುಮ್ನ ಉದ್ಯಾನದಲ್ಲಿ ಬಿಳಿಹುಲಿಗಳು ಮರಿಗಳನ್ನೂ ಹಾಕಿವೆ. ಅದು ಹಿಮದ ನಾಡಿನ ಹುಲಿಯೆಂದು ಒಬ್ಬರು ಹೇಳಿದರೆ, ಮೃಗಾಲಯದವರೇ ಕಸಿಮಾಡಿ ತಂದದ್ದೆಂದು ಮತ್ತೊಬ್ಬರು ತೀರ್ಪು ಕೊಡುವರು. ಈ ಎರಡು ಮಾತುಗಳೂ ಸರಿಯಲ್ಲವೆಂದು ನಾವು ಮೊದಲೇ ನಿವೇದಿಸುತ್ತೇವೆ.

ಬಿಳಿಹುಲಿಯೆಂಬುದು ಬೇರೊಂದು ಜಾತಿಯಲ್ಲ. ಬಂಡೀಪುರ, ನಾಗರಹೊಳೆಗಳಲ್ಲಿ ಸಂಚರಿಸುವ ಹುಲಿಯ ಕುಲವೇ ಅದರದು. 2013ರಲ್ಲಿ ಚೀನಾದ ವಿಜ್ಞಾನಿಗಳು ಕಂಡುಹಿಡಿದಂತೆ, ಒಂದೇ ಒಂದು ವಂಶವಾಹಿಯಲ್ಲಿನ ಅತ್ಯಲ್ಪ ವ್ಯತ್ಯಾಸದಿಂದ ಮೈಯ ಕೆಂಪು-ಹಳದಿ ವರ್ಣವು ಲೋಪವಾಗುತ್ತದೆ. ಕಪ್ಪು ವರ್ಣವು ಮಾತ್ರ ಉಳಿಯುವುದರಿಂದ ಪಟ್ಟೆಗಳು ಮಾಸುವುದಿಲ್ಲ, ಕಣ್ಣು ನೀಲಿಯಾಗಿರುತ್ತದೆ. ಆದುದರಿಂದ ಇದನ್ನು ತೊನ್ನೆಂದು ಕರೆಯುವುದು ತಪ್ಪು. ತಂದೆ ತಾಯಿ ಇಬ್ಬರಿಂದಲೂ ಆ ಗುಣವು ಬಂದರೆ ಮಾತ್ರ ಮರಿಯು ಬೆಳ್ಳಗಾಗುವುದು. ಒಬ್ಬರಿಂದ ಮಾತ್ರ ಬಂದರೆ ಮೈ ಕೆಂಪಾಗಿಯೇ ಇದ್ದು, ಗುಣವು ಒಳಗೆ ಗುಪ್ತವಾಗಿ ಮುಂದಿನ ತಲೆಮಾರಿಗೆ ಸಾಗುತ್ತದೆ.

ಕಾಡಿನಲ್ಲಿ ಇಂತಹ ಹುಲಿಗಳು ನಿಶ್ಚಯವಾಗಿಯೂ ಹುಟ್ಟಿದ್ದವು. 1907ರಿಂದ 1933ರವರೆಗೆ 17 ಬಿಳಿಹುಲಿಗಳು ಬೇಟೆಗೆ ಬಲಿಯಾದುದನ್ನು ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯು ದಾಖಲಿಸಿತು. ಅವುಗಳಲ್ಲಿ ಪೂರ್ಣವಾಗಿ ಬೆಳೆದ ಹುಲಿಗಳೂ ಇದ್ದವೆಂದ ಮೇಲೆ, ಬಿಳಿಯ ಮೈ ಹೊತ್ತು ಹೊಟ್ಟೆ ಹೊರೆಯುವುದು ಅವಕ್ಕೆ ಅಸಾಧ್ಯವಾಗಿರಲಿಲ್ಲ. ಜಿಂಕೆಯ ಕಣ್ಣಿಗೆ ಕೆಂಪು ಹಸುರುಗಳ ಭೇದವೇ ಸರಿಯಾಗಿ ತಿಳಿಯದಷ್ಟೆ. ಅವುಗಳನ್ನು ಮುಗಿಸಿದ್ದು ಬಣ್ಣವಲ್ಲ, ಬಂದೂಕು ಎಂಬುದೇ ನಮ್ಮ ಅಭಿಪ್ರಾಯ. 1958ರಲ್ಲಿ ಹಜಾರಿಬಾಗಿನ ಕಾಡಿನಲ್ಲಿ ಹೊಡೆದ ಹುಲಿಯೇ ಕಾಡಿನ ಕೊನೆಯ ಬಿಳಿಹುಲಿಯೆಂದು ಗಣಿತವಾಗಿದೆ. 2017ರಲ್ಲಿ ನೀಲಗಿರಿಯಲ್ಲಿ ಛಾಯಾಚಿತ್ರಕ್ಕೆ ಸಿಕ್ಕಿದ ಹುಲಿಯೊಂದು ಬಹಳ ಪೇಲವವಾಗಿತ್ತೇ ಹೊರತು ಬಿಳಿಯದಾಗಿರಲಿಲ್ಲ.

ಹಾಗಾದರೆ ಪಂಜರದ ಬಿಳಿಹುಲಿಗಳು ಎಲ್ಲಿಂದ ಬಂದವು? ಕಾಂಕರಿಯಾ ಮೃಗಾಲಯವನ್ನು ರೂಬೆನ್ ಡೇವಿಡರು ಆರಂಭಿಸಿದ 1951ರಲ್ಲಿಯೇ, ಮೇ 27ರಂದು, ರೀವಾದ ಮಹಾರಾಜ ಮಾರ್ತಾಂಡ ಸಿಂಹರು ವಿಂಧ್ಯ ಪ್ರಾಂತದ ಕಾಡಿನಲ್ಲಿ ಒಂದು ಬಿಳಿಯ ಮರಿಯನ್ನು ಸೆರೆಹಿಡಿಸಿದರು. ಅದರ ತಾಯಿಯೂ ಒಡಹುಟ್ಟಿದ ಮೂರು ಮರಿಗಳೂ ಗುಂಡಿಗೆ ಬಲಿಯಾಗಿದ್ದವು. ಗೋವಿಂದಗಢದ ಅರಮನೆಯಲ್ಲಿ ಮೋಹನನೆಂಬ ಹೆಸರಿನಿಂದ ಬೆಳೆದ ಅದಕ್ಕೆ ಬೇಗಮ್ ಎಂಬ ಸಾಮಾನ್ಯ ಹೆಣ್ಣುಹುಲಿಯನ್ನು ಕೂಡಿಸಲಾಯಿತು. ಹುಟ್ಟಿದ ಮರಿಗಳೆಲ್ಲ ಕೆಂಪು. ಆಗ ಮಹಾರಾಜರು ಮೋಹನನ ಮಗಳಾದ ರಾಧೆಯನ್ನೇ ಅವನೊಡನೆ ಬಿಟ್ಟರು. 1958ರಲ್ಲಿ ರಾಜಾ, ರಾಣಿ, ಮೋಹಿನಿ, ಸುಕೇಶಿ ಎಂಬ ನಾಲ್ಕು ಬಿಳಿಯ ಮರಿಗಳು ಜನಿಸಿದವು. 1960ರಲ್ಲಿ ಮೋಹಿನಿಯು ವಾಷಿಂಗ್ಟನ್ನಿಗೆ ಹೊರಟುಹೋಯಿತು. ರಾಜಾ ರಾಣಿಯರು ದೆಹಲಿಯ ಮೃಗಾಲಯ ಸೇರಿದರು.

ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಪದ್ಧತಿಯನ್ನು ಕೇಳಿ ನೆರೆಯ ಗುಜರಾತಿ ಮಿತ್ರರು ಹುಬ್ಬೇರಿಸುವುದುಂಟು. ಅರಮನೆಯ ಈ ಸಂಬಂಧವನ್ನು ಕಂಡರೆ ನಾವಿಬ್ಬರೂ ಕೂಡಿ ಹುಬ್ಬೇರಿಸಬೇಕಾದೀತು. ತಂದೆಗೆ ಮಗಳು, ಅಣ್ಣನಿಗೆ ತಂಗಿ ಎಂದು ತಲೆಮಾರುಗಳವರೆಗೆ ನಡೆದ ಈ ಕ್ರಮದಿಂದ ಗುಪ್ತವಾದ ಬಿಳುಪಿನೊಡನೆ ಗುಪ್ತವಾದ ದೋಷಗಳೂ ಹೊರಬಿದ್ದವು. ಸೊಟ್ಟ ಬೆನ್ನು, ಮರಿಗಳ ಅಕಾಲ ಮರಣ ಹೆಚ್ಚಿದವು. ಮೆಳ್ಳೆಗಣ್ಣು ಮಾತ್ರ ಬಣ್ಣದೊಡನೆಯೇ ಬಂದ ಪೀಡೆ. ಒಡಿಶಾದ ನಂದನಕಾನನದಲ್ಲಿ 1980ರಲ್ಲಿ ಕೆಂಪು ಹುಲಿಗಳಿಗೇ ಬಿಳಿಯ ಮರಿಗಳು ಹುಟ್ಟಿದವಾದರೂ ಆ ಜೋಡಿಯೂ ರಕ್ತಸಂಬಂಧಿಗಳದೇ. ಅಮೆರಿಕೆಯ ಮೃಗಾಲಯಗಳ ಸಂಘವು 2011ರಲ್ಲಿ ತನ್ನ ಸದಸ್ಯರಿಗೆ ಇಂತಹ ತಳಿಯನ್ನು ಬೆಳೆಸಕೂಡದೆಂದು ವಿಧಿಸಿತು.

ಇತ್ತ ಕೆಂಪು ಹುಲಿಯ ಅವಸ್ಥೆಯೇನು? ಸೂರತ್ತಿನ ಆಗ್ನೇಯಕ್ಕಿರುವ ಡಾಂಗ್ ಕಾಡು ಒಂದು ಕಾಲಕ್ಕೆ ಹುಲಿಯ ತವರಾಗಿತ್ತು. 1992ರ ಗಣತಿಯ ಹೊತ್ತಿಗೆ ಗುಜರಾತಿನಲ್ಲಿ ಒಂದು ಹುಲಿಯೂ ಸಿಗಲಿಲ್ಲ. ಅದೇ ನಮ್ಮ ಕರ್ನಾಟಕದಲ್ಲಿ 2022ರ ಗಣತಿಯಂತೆ 563 ಹುಲಿಗಳಿದ್ದವು. 2019ರ ಫೆಬ್ರವರಿಯಲ್ಲಿ ವಡೋದರೆಯ ಈಶಾನ್ಯಕ್ಕಿರುವ ಮಹೀಸಾಗರ ಜಿಲ್ಲೆಯಲ್ಲಿ ಶಾಲಾಶಿಕ್ಷಕರೊಬ್ಬರು ರಸ್ತೆ ದಾಟುತ್ತಿದ್ದ ಹುಲಿಯೊಂದರ ಚಿತ್ರ ತೆಗೆದಾಗ ಇಡೀ ರಾಜ್ಯವೇ ಸಂಭ್ರಮಿಸಿತು. ತಿಂಗಳು ತುಂಬುವುದರೊಳಗೆ ಅದರ ಹೆಣ ಸಿಕ್ಕಿತು. 2025ರಲ್ಲಿ ದಾಹೋದ ಜಿಲ್ಲೆಯ ರತನ್‌ಮಹಲ್ ಅಭಯಾರಣ್ಯಕ್ಕೆ ಮತ್ತೊಂದು ಹುಲಿ ತಾನಾಗಿ ಬಂದು, ತಿಂಗಳುಗಟ್ಟಲೆ ಅಲ್ಲಿಯೇ ನೆಲೆಸಿತು. ಅದು ಕೆಂಪು ಹುಲಿಯೇ.