ಹಲ್ಲು ಕಿತ್ತ ಗಾಯಕ್ಕೆ ಯಾವ ನೀರು?

ವರ್ಣಮಾಲೆಯಲ್ಲಿ ತ, ಥ, ದ, ಧ, ನಗಳಿಗೆ ದಂತ್ಯಗಳೆಂದು ಹೆಸರು. ಹಲ್ಲಿನ ಬೆಲೆಯನ್ನು ವೈಯಾಕರಣರೂ ಬಲ್ಲರು. ನಾಟಕಕ್ಕೆ ಹೆಸರಾದ ನಮ್ಮ ಮರಿಯಮ್ಮನಹಳ್ಳಿಯಲ್ಲಂತೂ ಉಚ್ಚಾರ ಕೆಟ್ಟರೆ ಪಾತ್ರವೇ ಕೆಟ್ಟಂತೆ. ಆದರೂ ಹುಳುಕು ಮಿತಿಮೀರಿದಾಗ ಹಲ್ಲನ್ನು ಕೀಳಿಸಲೇಬೇಕಾಗುತ್ತದೆ. ಹೊಸಪೇಟೆಯಲ್ಲಿ ಕೀಳಿಸಿಕೊಂಡು ಬಂದು ಬಸ್ಸಿಳಿದವನಿಗೆ ಊರೆಲ್ಲ ವೈದ್ಯರೇ. ಒಬ್ಬರು ಉಪ್ಪುನೀರೆನ್ನುತ್ತಾರೆ, ಇನ್ನೊಬ್ಬರು ಅಂಗಡಿಯ ಬಣ್ಣದ ಔಷಧವೆನ್ನುತ್ತಾರೆ, ಮತ್ತೊಬ್ಬರು ಹೊಗೆಸೊಪ್ಪನ್ನು ಅದುಮಿಕೊಳ್ಳೆನ್ನುತ್ತಾರೆ. ಇವುಗಳಲ್ಲಿ ಗ್ರಾಹ್ಯ ಯಾವುದು, ತ್ಯಾಜ್ಯ ಯಾವುದು?

ಮೊದಲು ಗಾಯ ಮಾಯುವ ಬಗೆಯನ್ನು ತಿಳಿಯೋಣ. ಹಲ್ಲು ಹೋದ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪೇ ಗಾಯದ ಮುಚ್ಚಳ. ಅದರ ಆಸರೆಯಲ್ಲಿ ಹೊಸ ಅಂಗಾಂಶ ಹುಟ್ಟಿ, ಕೆಲವು ವಾರಗಳಲ್ಲಿ ಮೇಲ್ಪೊರೆ ಕೂಡಿ, ಮುಂದೆ ತಿಂಗಳುಗಳಲ್ಲಿ ಎಲುಬು ತುಂಬುತ್ತದೆ. ಹೆಪ್ಪು ಅಕಾಲದಲ್ಲಿ ಕರಗಿದರೆ ಇಲ್ಲವೆ ಕಿತ್ತುಹೋದರೆ ಎಲುಬು ಬಯಲಾಗಿ ಘೋರವಾದ ನೋವುಂಟಾಗುತ್ತದೆ. ಇದಕ್ಕೆ ವೈದ್ಯರು ಡ್ರೈ ಸಾಕೆಟ್ ಎನ್ನುತ್ತಾರೆ. ನಾವು ಒಣಕುಳಿ ಎನ್ನೋಣ. ಸಾಮಾನ್ಯವಾಗಿ ಹಲ್ಲು ಕೀಳಿಸಿಕೊಂಡ 100 ಜನರಲ್ಲಿ 1ರಿಂದ 5 ಮಂದಿಗೆ ಇದು ಬರುತ್ತದೆ. ಕೆಳದವಡೆಯ ಬುದ್ಧಿಹಲ್ಲನ್ನು ತೆಗೆಸಿದವರಲ್ಲಿ ಹೆಚ್ಚು.

ಆದಕಾರಣ ಮೊದಲ 24 ಗಂಟೆ ಯಾವ ನೀರಿನಿಂದಲೂ ಮುಕ್ಕಳಿಸಲಾಗದು. ವೈದ್ಯರು ಇಟ್ಟ ಹತ್ತಿಬಟ್ಟೆಯನ್ನು ಅವರು ಹೇಳಿದಷ್ಟು ಹೊತ್ತು ಕಚ್ಚಿಕೊಂಡಿರಬೇಕು. ಜೋರಾಗಿ ಉಗುಳುವುದು, ಹೀರುವುದು, ಬೀಡಿ, ಹೊಗೆಸೊಪ್ಪು, ಗುಟ್ಕಾ, ಇವೆಲ್ಲ ಹೆಪ್ಪಿಗೆ ಶತ್ರುಗಳು.

ಮರುದಿನದಿಂದ ಉಪ್ಪುನೀರು. ಕಾಯಿಸಿ ಆರಿಸಿದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚೆ ಉಪ್ಪು ಸಾಕು. ಇದನ್ನು ನೈಜೀರಿಯಾದ ವೈದ್ಯರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಮುಕ್ಕಳಿಸದವರಿಗಿಂತ ಮುಕ್ಕಳಿಸಿದವರಿಗೆ ಒಣಕುಳಿ ಕಡಿಮೆ. ಆದರೆ ದಿನಕ್ಕೆ 6 ಸಲ ಮುಕ್ಕಳಿಸಿದವರಿಗೂ 2 ಸಲ ಮುಕ್ಕಳಿಸಿದವರಿಗೂ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ. ಹೊಲಗೆಲಸಕ್ಕೋ ಗಣಿಗೆಲಸಕ್ಕೋ ಹೋಗುವವರಿಗೆ ಇದು ಸಮಾಧಾನದ ಮಾತು.

ಅಂಗಡಿಯ ಔಷಧಗಳಲ್ಲಿ ಮುಖ್ಯವಾದುದು ಕ್ಲೋರ್‌ಹೆಕ್ಸಿಡಿನ್. ಇದು ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರವ. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದ 2022ರ ಕಾಕ್ರೇನ್ ಸಮೀಕ್ಷೆಯು, ಹಲ್ಲು ಕೀಳುವ ಮೊದಲೂ ಅನಂತರವೂ ಇದನ್ನು ಬಳಸಿದರೆ ಒಣಕುಳಿ ಕಡಿಮೆಯಾಗುವುದೆಂದು ಹೇಳಿದೆ. ಆದರೆ ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದುಬಣ್ಣ ಹಿಡಿಯುತ್ತದೆ, ನಾಲಗೆಯ ರುಚಿ ಕೆಡುತ್ತದೆ. ವಿರಳವಾಗಿ ಕೆಲವರಿಗೆ ಮೈಗೊಗ್ಗದು. ಉಪ್ಪುನೀರಿನೊಡನೆ ಇದನ್ನು ನೇರವಾಗಿ ಹೋಲಿಸಿದ 2017ರ ನೈಜೀರಿಯಾದ ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದುದರಿಂದ ಬುದ್ಧಿಹಲ್ಲು ತೆಗೆಸಿದವರು ವೈದ್ಯರು ಬರೆದುಕೊಟ್ಟರೆ ಕೊಳ್ಳಲಿ. ಉಳಿದವರು ಹಣವಿಲ್ಲವೆಂದು ಕೊರಗಬೇಕಾಗಿಲ್ಲ. ಮದ್ಯಸಾರ ಬೆರೆತ ಸುಗಂಧದ್ರವಗಳು ಹಸಿ ಗಾಯವನ್ನು ಉರಿಸುವುದರಿಂದ ಬೇಡ.

ಮುಕ್ಕಳಿಸುವ ರೀತಿಯೂ ಮುಖ್ಯ. ಆಯುರ್ವೇದದಲ್ಲಿ ಬಾಯಿ ತುಂಬ ದ್ರವವನ್ನು ಅಲುಗಿಸದೆ ಹಿಡಿಯುವುದು ಗಂಡೂಷ. ಸುಖವಾಗಿ ಆಡಿಸುವಷ್ಟೇ ಹಿಡಿಯುವುದು ಕವಲ. ಹಲ್ಲು ಕಿತ್ತವರು ಕವಲದಷ್ಟು ನೀರನ್ನು ಹಿಡಿದು ಗಂಡೂಷದಂತೆ ಶಾಂತವಾಗಿರಲಿ. ತಲೆಯನ್ನು ಮೆಲ್ಲನೆ ಅತ್ತಿತ್ತ ವಾಲಿಸಿ, ನೀರನ್ನು ತಾನಾಗಿ ಹೊರಬೀಳಲು ಬಿಟ್ಟರಾಯಿತು.

ಎರಡು ಮೂರು ದಿನಗಳಾದ ಮೇಲೆ ನೋವು ಇಳಿಯುವ ಬದಲು ಏರಿದರೆ, ದುರ್ವಾಸನೆ ಬಂದರೆ, ರಕ್ತ ನಿಲ್ಲದಿದ್ದರೆ ಯಾವ ನೀರನ್ನೂ ನೆಚ್ಚಬಾರದು. ಕೂಡಲೇ ದಂತವೈದ್ಯರಲ್ಲಿಗೆ ಹೋಗತಕ್ಕದ್ದು. ಮಧುಮೇಹವುಳ್ಳವರೂ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರೂ ಈ ಸಂಗತಿಯನ್ನು ಇಕ್ಕಳ ಮುಟ್ಟುವ ಮೊದಲೇ ವೈದ್ಯರಿಗೆ ತಿಳಿಸಬೇಕು.