ಮಕ್ಕಳ ಎದೆಯ ಗುಂಡಿ: ವಿಕಿರಣವಿಲ್ಲದೆ ಅಳೆಯಬಹುದು



ಕೆಲವು ಮಕ್ಕಳ ಎದೆಯ ಮಧ್ಯದ ಮೂಳೆ ಒಳಕ್ಕೆ ತಗ್ಗಿ ಗುಂಡಿಯ ಹಾಗೆ ಕಾಣುತ್ತದೆ. ವೈದ್ಯರು ಇದನ್ನು ‘ಪೆಕ್ಟಸ್ ಎಕ್ಸ್‌ಕವೇಟಮ್’ ಅನ್ನುತ್ತಾರೆ. ಹುಡುಗರಲ್ಲಿ ಇದು ಜಾಸ್ತಿ. ಬಸುರಿಯಾಗಿದ್ದಾಗ ತಾಯಿ ಏನೋ ತಪ್ಪು ಮಾಡಿದಳು ಅಂತ ದೂರುವುದು ಸರಿಯಲ್ಲ. ಪಕ್ಕೆಲುಬನ್ನು ಎದೆಮೂಳೆಗೆ ಸೇರಿಸುವ ಮೆದು ಎಲುಬಿನ ಬೆಳವಣಿಗೆಯಲ್ಲಿ ವ್ಯತ್ಯಾಸವಾಗಿ ಹೀಗಾಗುತ್ತದೆ. ಹರೆಯದಲ್ಲಿ ಮಕ್ಕಳು ಬೇಗ ಬೇಗ ಎತ್ತರವಾಗುವಾಗ ಗುಂಡಿ ಇನ್ನೂ ಆಳವಾಗಬಹುದು. ಆದ್ದರಿಂದ ಒಂದು ಸಲ ಅಳೆದರೆ ಸಾಲದು, ಆಗಾಗ ಅಳೆಯಬೇಕು.

ಸಿಟಿ ಸ್ಕ್ಯಾನ್ ಅಳತೆ ಹೇಗೆ?

ಎದೆಗೂಡಿನ ಒಳಗಿನ ಅಗಲವನ್ನು, ಎದೆಮೂಳೆಗೂ ಬೆನ್ನುಮೂಳೆಗೂ ನಡುವಿನ ಅಂತರದಿಂದ ಭಾಗಿಸುತ್ತಾರೆ. ಅಗಲ 24 ಸೆಂ.ಮೀ., ಅಂತರ 6 ಸೆಂ.ಮೀ. ಇದ್ದರೆ ಉತ್ತರ 4. ಇದಕ್ಕೆ ‘ಹ್ಯಾಲರ್ ಸೂಚ್ಯಂಕ’ ಅಂತ ಹೆಸರು, 1987ರಿಂದ ಬಳಕೆಯಲ್ಲಿದೆ. ಸಾಮಾನ್ಯ ಎದೆಯಲ್ಲಿ ಇದು ಸುಮಾರು 2.5. ಇದು 3.25 ದಾಟಿದರೆ ಶಸ್ತ್ರಚಿಕಿತ್ಸೆ ಬೇಕೇ ಎಂದು ವೈದ್ಯರು ಯೋಚಿಸುತ್ತಾರೆ.

ಆದರೆ ಎದೆಯ ಒಂದು ಸಿಟಿ ಸ್ಕ್ಯಾನ್‌ನಲ್ಲಿ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚು ವಿಕಿರಣ ಇರುತ್ತದೆ. ಬೆಳೆಯುವ ಮಕ್ಕಳಿಗೆ ಅದರ ಅಪಾಯ ದೊಡ್ಡವರಿಗಿಂತ ಹೆಚ್ಚು. ಒಂದು ಸಲಕ್ಕೆ ಅಪಾಯ ಸಣ್ಣದೇ. ಅಗತ್ಯವಿಲ್ಲದೆ ಪದೇ ಪದೇ ಮಾಡಿಸಬಾರದು.

ವಿಕಿರಣವಿಲ್ಲದ ದಾರಿಗಳು

1. ಸ್ಕೇಲು: ಹೊಲಿಗೆಯ ಟೇಪು ಗುಂಡಿಯ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ, ಆಳ ಸಿಗುವುದಿಲ್ಲ. ಮಗುವನ್ನು ಅಂಗಾತ ಮಲಗಿಸಿ, ಎದೆಗೆ ಅಡ್ಡವಾಗಿ ಒಂದು ಸ್ಕೇಲು ಇಡಿ. ಇನ್ನೊಂದನ್ನು ನೆಟ್ಟಗೆ ಗುಂಡಿಯೊಳಗೆ ಇಳಿಸಿ ಆಳ ನೋಡಿ. ಉಳಿತಾಯ ಪುಸ್ತಕದ ಹಾಗೆ ತಾರೀಖು ಹಾಕಿ ಬರೆದಿಡಿ.

2. ಬೆಳಕಿನ ಸ್ಕ್ಯಾನ್: ಎದೆಯ ಮೇಲೆ ಬೆಳಕು ಬಿಟ್ಟು ಕ್ಯಾಮರಾದಿಂದ ಎದೆಯ ಪೂರ್ತಿ ಆಕಾರವನ್ನು ಕಂಪ್ಯೂಟರಿಗೆ ತೆಗೆದುಕೊಳ್ಳುತ್ತಾರೆ. ಇದು ಹೊರಗಿನ ಅಳತೆ. ಚರ್ಮ, ಮಾಂಸವೂ ಸೇರುವುದರಿಂದ ಇದರ ಅಂಕಿಯನ್ನು 3.25ರ ಜೊತೆ ಹೋಲಿಸಬಾರದು. ಅದೇ ಮಗುವಿನ ಹಿಂದಿನ ಅಳತೆಯ ಜೊತೆ ಹೋಲಿಸಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಈ ಸೌಲಭ್ಯ ಇರುವುದಿಲ್ಲ.

3. ಎಂ.ಆರ್.ಐ.: ಇದು ಅಯಸ್ಕಾಂತದಿಂದ ಕೆಲಸ ಮಾಡುತ್ತದೆ. ಒಳಗಿನ ಅಳತೆಯೂ ಸಿಗುತ್ತದೆ, ಆದರೆ ಖರ್ಚು ಹೆಚ್ಚು.

ಹೃದಯದ ಮೇಲೆ ಒತ್ತಡ ಬಿದ್ದಿದೆಯೇ ಎಂದು ನೋಡುವ ಎಕೋ ಪರೀಕ್ಷೆಯಲ್ಲೂ ವಿಕಿರಣ ಇಲ್ಲ.

ನಾವು ಏನು ಮಾಡಬೇಕು?

ಓಡುವಾಗ ಮಗುವಿಗೆ ಏದುಸಿರು, ಎದೆನೋವು ಬಂದರೆ ಅಥವಾ ಎದೆ ಜೋರಾಗಿ ಬಡಿದುಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸಿಟಿ ಸ್ಕ್ಯಾನ್ ಬರೆದುಕೊಟ್ಟರೆ, “ಡಾಕ್ಟ್ರೇ, ಇದು ಈಗಲೇ ಬೇಕಾ? ವಿಕಿರಣ ಇಲ್ಲದ ಪರೀಕ್ಷೆ ಸಾಕಾಗುತ್ತಾ?” ಅಂತ ಧೈರ್ಯವಾಗಿ ಕೇಳಿ. ಕೇಳುವುದು ನಮ್ಮ ಹಕ್ಕು. ಶಸ್ತ್ರಚಿಕಿತ್ಸೆಗೆ ಮುಂಚೆ ಬೇಕೇ ಬೇಕು ಅಂದರೆ ಹೆದರಿ ಬಿಡಬೇಡಿ.

ಎಷ್ಟೋ ಮಕ್ಕಳು ನಾಚಿಕೆಯಿಂದ ಅಂಗಿ ಬಿಚ್ಚುವುದಿಲ್ಲ, ಆಟಕ್ಕೂ ಹೋಗುವುದಿಲ್ಲ. ಅಂಥ ಮಗುವನ್ನು ಯಾರೂ ಗೇಲಿ ಮಾಡದಂತೆ ನೋಡಿಕೊಳ್ಳೋಣ. ಈ ವಿಷಯವನ್ನು ಮುಂದಿನ ಸಂಘದ ಸಭೆಯಲ್ಲಿ ಓದಿ ಚರ್ಚಿಸಿ.