ಮಗು ಬಾಯಿಬಿಟ್ಟಾಗ

"ಟೀಚರ್, ಆ ವ್ಯಾನ್ ಅಂಕಲ್ ಹತ್ರ ನಾನು ಹೋಗಲ್ಲ."

ಮಗು ಇಷ್ಟು ಹೇಳಿದರೂ ಸಾಕು, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಗದರಬೇಡಿ. ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ.

ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತೆ 2012ರ ಪೋಕ್ಸೊ ಕಾಯ್ದೆ. ಶಾಲೆಯ ಹೆಸರು ಕೆಡುತ್ತೆ ಅಂತ ಮುಚ್ಚಿಡೋದೂ ಅಪರಾಧವೇ. ತಮ್ಮ ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಶಾಲೆಯ ಹೆಸರಿಗಿಂತ ಮಗು ದೊಡ್ಡದು.

ಅಪ್ಪ ಅಮ್ಮಂದಿರೇ, ಠಾಣೆ ಅಂದರೆ ಭಯವೇ? ಮಗುವನ್ನು ಅಲ್ಲಿಗೆ ಕರೆದೊಯ್ಯಲೇಬೇಕು ಅಂತಿಲ್ಲ. ಪೊಲೀಸರು ಸಮವಸ್ತ್ರ ಹಾಕದೆ, ನಿಮ್ಮ ಮನೆಯಲ್ಲೇ ಹೇಳಿಕೆ ಪಡೆಯಬಹುದು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು.

ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಉಚಿತ. ಇವತ್ತೇ ಮಗುವಿಗೆ ಬಾಯಿಪಾಠ ಮಾಡಿಸಿ.